ಮನೆಗೆ ಬರುವ ಸಿಸ್ಟರ್‌ಗೆ ಬರಬೇಡಿ ಅನ್ನಬಹುದಾ?

ಪ್ರಶ್ನೆ: ನಾವು ವಿಜಯಪುರ ಕಡೆಯವರು. ಪುಣೆ ಹತ್ತಿರ ಕಾಳೇವಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರಿಗೆ ಚಾಕಣದ ಫ್ಯಾಕ್ಟರಿಯಲ್ಲಿ ಶಿಫ್ಟ್ ಡ್ಯೂಟಿ. ನನಗೆ ಚೊಚ್ಚಲ ಹೆರಿಗೆ, ಹೆಣ್ಣು ಮಗು, ಈಗ 18 ದಿನ. ಪ್ರೈವೇಟ್ ಆಸ್ಪತ್ರೆಯಲ್ಲಿ ನಾರ್ಮಲ್ ಆಯಿತು. ಹುಟ್ಟಿದಾಗ 2.8 ಕೆ.ಜಿ. ಇತ್ತು. ತವರಿಗೆ ಹೋಗಲು ಆಗಲಿಲ್ಲ, ಅತ್ತೆಯವರೇ ಬಂದು ಬಾಣಂತನ ಮಾಡುತ್ತಿದ್ದಾರೆ. ಎರಡು ಸಲ ಆಶಾ ಕಾರ್ಯಕರ್ತೆ ಮತ್ತು ಒಬ್ಬರು ಸಿಸ್ಟರ್ ಹೇಳದೆ ಕೇಳದೆ ಮನೆಗೆ ಬಂದರು. 14ನೇ ದಿನ ಮಗುವನ್ನು ಜೋಳಿಗೆಯಲ್ಲಿ ಹಾಕಿ ತೂಗಿದಾಗ 2.7 ಬಂತು. ‘ಠೀಕ್ ಆಹೆ’ (ಸರಿಯಾಗಿದೆ) ಅಂತ ಬರೆದುಕೊಂಡು ಹೊರಟರು. ಹೊರಡುವ ಮುಂಚೆ ಅತ್ತೆಯವರ ಎದುರೇ, ಮುಂದಿನ ಮಗು ಬೇಗ ಆಗದಂತೆ ಏನು ಬಳಸುತ್ತೀರಿ ಅಂತ ಕೇಳಿದರು. ತಲೆ ಎತ್ತಲು ಆಗಲಿಲ್ಲ. ‘ಹಸಿ ಬಾಣಂತಿ ಕೋಣೆಗೆ ಕಂಡವರೆಲ್ಲ ಯಾಕೆ ಬರಬೇಕು’ ಅಂತ ಅತ್ತೆಗೆ ಸಿಟ್ಟು. ಪಕ್ಕದ ಮನೆಯವರು ಮಾತ್ರ ‘ಸಿಸ್ಟರ್ ಬಂದಿದ್ದಕ್ಕೇ ನಮ್ಮ ಮಗುವಿನ ಕಾಮಾಲೆ ಗೊತ್ತಾಯಿತು’ ಅನ್ನುತ್ತಾರೆ. ನಮಗೆ ಹೇಗೂ ಪ್ರೈವೇಟ್ ಡಾಕ್ಟರ್ ಇದ್ದಾರೆ. ಇನ್ನು ಬರಬೇಡಿ ಅನ್ನಬಹುದಾ? ಬೇರೆ ತಾಯಂದಿರಿಗೆ ಇದರಿಂದ ಏನಾದರೂ ಉಪಯೋಗ ಆಗಿದೆಯಾ?

ಉತ್ತರ: ಮೊದಲು ತೂಕದ ಮಾತು ಮುಗಿಸೋಣ. ಬಾಗಿಲ ವಿಷಯ ಆಮೇಲೆ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಆ 2.7 ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು.

ಹುಟ್ಟಿದ ಮಗುವಿನ ತೂಕ ಮೊದಲ ಮೂರು-ನಾಲ್ಕು ದಿನ ಇಳಿಯುತ್ತದೆ. ಅದು ಸಹಜ. ನೂರಕ್ಕೆ 10ರವರೆಗೂ ಇಳಿಯಬಹುದು. ನಿಮ್ಮ ಮಗುವಿನ ಲೆಕ್ಕದಲ್ಲಿ ಅದು ಸುಮಾರು 2.5 ಕೆ.ಜಿ. ಆಮೇಲೆ ತಾಯಿಗೆ ಹಾಲು ಚೆನ್ನಾಗಿ ಇಳಿದು, ಮಗುವಿನ ತೂಕ ಏರಲು ಶುರುವಾಗುತ್ತದೆ. ಎರಡು ವಾರ ತುಂಬುವ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬಂದಿರಬೇಕು. ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಾ ಹೋಗಬೇಕು. ನಿಮ್ಮ ಮಗು 14ನೇ ದಿನಕ್ಕೆ 100 ಗ್ರಾಂ ಹಿಂದೆ ಇತ್ತು. ಇದರಿಂದಲೇ ಮಗುವಿಗೆ ತೊಂದರೆ ಇದೆ ಅಂತ ಹೇಳಲಾಗದು. ಆಸ್ಪತ್ರೆಯ ತಕ್ಕಡಿಯೇ ಬೇರೆ, ಜೋಳಿಗೆಯ ಸ್ಪ್ರಿಂಗ್ ತಕ್ಕಡಿಯೇ ಬೇರೆ. ಮಗು ಕೈಕಾಲು ಆಡಿಸಿದರೂ ಮುಳ್ಳು ಅತ್ತಿತ್ತ ಆಗುತ್ತದೆ. ಮೈಮೇಲೆ ಬಟ್ಟೆ ಇತ್ತಾ, ಇಲ್ಲವಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆದರೆ ‘ಠೀಕ್ ಆಹೆ’ ಅಂದುಬಿಟ್ಟರೆ ಅಲ್ಲಿಗೆ ಮುಗಿಯಲಿಲ್ಲ. ಆ ಹೊತ್ತಿಗೆ ಸಿಸ್ಟರ್ ಕೂತು, ನೀವು ಹಾಲು ಕುಡಿಸುವುದನ್ನು ನೋಡಬೇಕಿತ್ತು. ಎರಡು-ಮೂರು ದಿನ ಬಿಟ್ಟು ಅದೇ ತಕ್ಕಡಿಯಲ್ಲಿ ಮತ್ತೆ ತೂಗುತ್ತೇನೆ ಅನ್ನಬೇಕಿತ್ತು.

ಅದಕ್ಕೇ ಮುಂದಿನ ಭೇಟಿಯವರೆಗೆ ಕಾಯಬೇಡಿ. ಇವತ್ತು ಅಥವಾ ನಾಳೆ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಬಟ್ಟೆ ಇಲ್ಲದೆ ಒಮ್ಮೆ ತೂಗಿಸಿ. ಮನೆಯಲ್ಲಿ ಎರಡು ವಿಷಯ ಗಮನಿಸಿ. 24 ಗಂಟೆಯಲ್ಲಿ ಮಗು ಆರು ಸಲಕ್ಕಿಂತ ಕಡಿಮೆ ಮೂತ್ರ ಮಾಡುತ್ತಿದೆಯಾ? ಹಾಲಿಗೆ ತಾನಾಗಿ ಏಳದೆ, ಎಬ್ಬಿಸಿದರೂ ಕುಡಿಯದೆ ಮಂಕಾಗಿ ಮಲಗಿರುತ್ತದಾ? ಎರಡರಲ್ಲಿ ಯಾವುದಕ್ಕೆ ಹೌದು ಅಂದರೂ ನಾಳೆಗೆ ಬಿಡಬೇಡಿ, ಇವತ್ತೇ ಹೋಗಿ. ಎರಡೂ ಇಲ್ಲ, ಮೂತ್ರ ಚೆನ್ನಾಗಿದೆ, ಮಗು ಚುರುಕಾಗಿದೆ ಅಂದರೆ ಮುಕ್ಕಾಲು ಪಾಲು ಇದು ಹಾಲು ಕುಡಿಸುವ ರೀತಿಯಲ್ಲಿ ಸರಿಹೋಗುವ ವಿಷಯ.

ಆ ರೀತಿ ಹೇಗೆ ಅಂತ ಹೇಳಿಬಿಡುತ್ತೇನೆ. ಪುಣೆ, ಪಿಂಪ್ರಿ ಕಡೆ ಪಬ್ಲಿಕ್ ಹೆಲ್ತ್ ನರ್ಸ್ ಆಗಿ ಮನೆ ಮನೆ ತಿರುಗಿದ ಕಾಲದಲ್ಲಿ ನಾನು ಅತಿ ಹೆಚ್ಚು ಮಾಡಿದ ಕೆಲಸ ಇದೇ. ಮಗು ಬರೀ ತೊಟ್ಟನ್ನು ಕಚ್ಚಿಕೊಂಡಿದ್ದರೆ ಹಾಲು ಸರಿಯಾಗಿ ಬರುವುದಿಲ್ಲ, ತಾಯಿಗೆ ಪ್ರಾಣ ಹೋಗುವಷ್ಟು ನೋವು. ಬಾಯಿ ಆಕಳಿಸಿದಷ್ಟು ದೊಡ್ಡದಾಗಿ ತೆರೆದಿರಬೇಕು. ಗದ್ದ ಎದೆಗೆ ತಾಗಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮಗುವಿನ ಮೇಲ್ದುಟಿಯ ಹತ್ತಿರ ಸ್ವಲ್ಪ ಕಾಣಬೇಕು, ಕೆಳಗೆ ಹೆಚ್ಚುಕಡಿಮೆ ಕಾಣಬಾರದು. ಮಗುವಿನ ತಲೆ ಮಾತ್ರ ನಿಮ್ಮ ಕಡೆ ತಿರುಗಿದ್ದರೆ ಸಾಲದು, ಹೊಟ್ಟೆಯೂ ನಿಮ್ಮ ಹೊಟ್ಟೆಗೆ ತಾಗಿರಬೇಕು. ಆಮೇಲೆ ಸುಮ್ಮನೆ ಕಿವಿ ಕೊಡಿ. ಮೊದಲು ಪಟಪಟ ಚೀಪುತ್ತದೆ. ಹಾಲು ಇಳಿದ ಮೇಲೆ ನಿಧಾನವಾಗಿ, ಗುಟುಕು ನುಂಗುವ ಸದ್ದು ಕೇಳುತ್ತದೆ. ಆ ಗುಟುಕಿನ ಸದ್ದೇ ಕೇಳದಿದ್ದರೆ ಮಗು ಅರ್ಧ ಗಂಟೆ ಎದೆಯಲ್ಲಿದ್ದರೂ ಹೊಟ್ಟೆ ತುಂಬಿಲ್ಲ ಅಂತಲೇ ತಿಳಿಯಿರಿ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಿ. ರಾತ್ರಿ ಬಿಡಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬರಬೇಡಿ ಅನ್ನಬಹುದಾ? ಅನ್ನಬಹುದು. ಈ ಭೇಟಿ ಕಡ್ಡಾಯವಲ್ಲ, ಯಾರೂ ನಿಮ್ಮ ಮೇಲೆ ಕೇಸು ಹಾಕುವುದಿಲ್ಲ. ಆದರೆ ಹಾಗೆ ಅನ್ನಬೇಡಿ ಅನ್ನುವುದು ನನ್ನ ಸಲಹೆ. ನಿಮಗೆ ಸಿಕ್ಕಿದ್ದು ಅರ್ಧ ಭೇಟಿ. ಉಳಿದ ಅರ್ಧವನ್ನು ನೀವು ಕೇಳಿ ಪಡೆಯಬೇಕು.

ಇವರು ಯಾಕೆ ಬರುತ್ತಾರೆ ಅಂತ ಸ್ವಲ್ಪ ಹೇಳುತ್ತೇನೆ. ಇದರ ಬೇರು ಇರುವುದು ಮಹಾರಾಷ್ಟ್ರದಲ್ಲೇ, ಗಡಚಿರೋಲಿಯ ಕಾಡು ಹಳ್ಳಿಗಳಲ್ಲಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ ಅಲ್ಲಿನ 39 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಹುಟ್ಟಿದ ಮಗುವನ್ನು ಮನೆಗೇ ಹೋಗಿ ಮತ್ತೆ ಮತ್ತೆ ನೋಡುವಂತೆ ಮಾಡಿದರು. ಉಸಿರು ಎಣಿಸುವುದು, ತೂಗುವುದು, ಬೆಚ್ಚಗಿಡುವುದು, ನಂಜು ಏರಿದ್ದನ್ನು ಬೇಗ ಗುರುತಿಸಿ ಔಷಧ ಕೊಡುವುದು, ಇಷ್ಟೇ ಕೆಲಸ. ಮೂರನೇ ವರ್ಷದ ಹೊತ್ತಿಗೆ ಅಲ್ಲಿ ನವಜಾತ ಮಕ್ಕಳ ಸಾವು, ಪ್ರಯೋಗ ನಡೆಯದ ಹಳ್ಳಿಗಳಿಗೆ ಹೋಲಿಸಿದರೆ ಶೇ. 62ರಷ್ಟು ಕಡಿಮೆಯಾಗಿತ್ತು. 1999ರಲ್ಲಿ ಇದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ ಜಗತ್ತೇ ತಿರುಗಿ ನೋಡಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ, ಮೊದಲ ವಾರದಲ್ಲಿ ಮನೆಗೆ ಹೋಗಿ ತಾಯಿ ಮಗುವನ್ನು ನೋಡಿ ಅಂತ ಎಲ್ಲ ದೇಶಗಳಿಗೂ ಹೇಳಿದವು. 2011ರಲ್ಲಿ ನಮ್ಮ ದೇಶದಲ್ಲಿ ಈ ಕೆಲಸ ಆಶಾ ಕಾರ್ಯಕರ್ತೆಯರ ಹೆಗಲಿಗೆ ಬಂತು. ಆಸ್ಪತ್ರೆಯಲ್ಲಿ ಹೆರಿಗೆ ಆದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿ. ಮನೆಯಲ್ಲೇ ಹೆರಿಗೆ ಆಗಿದ್ದರೆ ಮೊದಲ ದಿನವೂ ಸೇರಿ ಏಳು. 2018ರಿಂದ ಇನ್ನೂ ಐದು ಭೇಟಿ ಸೇರಿವೆ: 3, 6, 9, 12 ಮತ್ತು 15ನೇ ತಿಂಗಳು. ಅವು ಮುಖ್ಯವಾಗಿ ಮೇಲು ಆಹಾರ, ಬೆಳವಣಿಗೆ, ಲಸಿಕೆಗಾಗಿ.

ಪ್ರೈವೇಟ್ ಹೆರಿಗೆ ಅಂತ ಈ ಲೆಕ್ಕ ಬದಲಾಗುವುದಿಲ್ಲ. ಮಗು ಅವರ ಏರಿಯಾದ್ದು, ಅಷ್ಟೇ. ಬಂದ ಇಬ್ಬರಲ್ಲಿ ಆಶಾ ಅಂದರೆ ನಿಮ್ಮ ಬಸ್ತಿಯವರೇ, ತರಬೇತಿ ಪಡೆದವರು, ನರ್ಸ್ ಅಲ್ಲ. ಆರು ಭೇಟಿ ಪೂರ್ತಿ ಮಾಡಿದರೆ ಅವರಿಗೆ ಯೋಜನೆಯಲ್ಲಿ ಇಟ್ಟ ಪ್ರೋತ್ಸಾಹಧನ 250 ರೂಪಾಯಿ. ಸಿಸ್ಟರ್ ಅಂದರೆ ಎ.ಎನ್.ಎಂ., ಓದಿ ಬಂದವರು, ಲಸಿಕೆ ಹಾಕುವವರು. ನಗರದಲ್ಲಿ ಒಬ್ಬ ಎ.ಎನ್.ಎಂ. ಕೈಕೆಳಗೆ ಸುಮಾರು 10,000 ಜನ ಬರುತ್ತಾರೆ. ಬಿಸಿಲಲ್ಲಿ ಮೂರು ಮಹಡಿ ಹತ್ತಿ ಬಂದವರು ಐದು ನಿಮಿಷದಲ್ಲಿ ಹೊರಟರೆ ಅದಕ್ಕೆ ಕಾರಣ ಅಸಡ್ಡೆಯೇ ಅಂತ ಅಂದುಕೊಳ್ಳಬೇಡಿ. ಆದರೂ ಆ ಐದು ನಿಮಿಷ ಸಾಲದು ಅನ್ನುವ ನಿಮ್ಮ ದೂರು ನ್ಯಾಯವೇ.

ನಮಗೆ ಡಾಕ್ಟರ್ ಇದ್ದಾರೆ ಅನ್ನುವ ಮಾತಿನಲ್ಲೂ ಹುರುಳಿದೆ. ಇಂಗ್ಲೆಂಡಿನಲ್ಲಿ ಹದಿಹರೆಯದ ಚೊಚ್ಚಲ ತಾಯಂದಿರ ಮನೆಗೆ, ಮಗುವಿಗೆ ಎರಡು ವರ್ಷ ಆಗುವವರೆಗೂ ನರ್ಸ್ ಹೋಗುವ ಒಂದು ಕಾರ್ಯಕ್ರಮ ಇದೆ. ಅದರ ಮೂಲ ಅಮೆರಿಕದಲ್ಲಿ ಡೇವಿಡ್ ಓಲ್ಡ್ಸ್ 1970ರ ದಶಕದಲ್ಲಿ ಶುರು ಮಾಡಿದ ಕೆಲಸ. ಅಲ್ಲಿ ಒಳ್ಳೆಯ ಫಲ ಕಂಡಿತ್ತು. ಇಂಗ್ಲೆಂಡಿನಲ್ಲಿ 2015ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಮಾತ್ರ ಮಗುವಿನ ಜನನ ತೂಕದಂಥ ಮುಖ್ಯ ವಿಷಯಗಳಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಅಲ್ಲಿ ಎಲ್ಲ ತಾಯಂದಿರಿಗೂ ಮೊದಲೇ ಸಾಕಷ್ಟು ಸೌಲಭ್ಯ ಇತ್ತು. ಅಂದರೆ ಮನೆಗೆ ಬಂದ ಮಾತ್ರಕ್ಕೆ ಪವಾಡ ಆಗುವುದಿಲ್ಲ. ಬೇರೆಲ್ಲೂ ಸಿಗದ್ದು ಏನಾದರೂ ಆ ಭೇಟಿಯಲ್ಲಿ ಸಿಗಬೇಕು. ನಿಮ್ಮ ವಿಷಯದಲ್ಲಿ ಯೋಚಿಸಿ. ಡಾಕ್ಟರ್ ಮಗುವನ್ನು ನೋಡುತ್ತಾರೆ, ಟೇಬಲ್ ಮೇಲೆ, ಹತ್ತು ನಿಮಿಷ. ನೀವು ಯಾವ ಹಾಸಿಗೆಯಲ್ಲಿ ಹೇಗೆ ಒರಗಿ ಹಾಲು ಕುಡಿಸುತ್ತೀರಿ, ಕೋಣೆಯಲ್ಲಿ ಹೊಗೆ ಎಷ್ಟಿದೆ, ನೀವು ಊಟ ಮಾಡಿದಿರಾ, ರಾತ್ರಿ ಅತ್ತಿದ್ದಿರಾ, ಇವು ಅವರಿಗೆ ಕಾಣುವುದಿಲ್ಲ. ಮನೆಗೆ ಬಂದವರಿಗೆ ಮಾತ್ರ ಕಾಣುತ್ತದೆ.

ತಾಯಂದಿರ ಅನುಭವ ಕೇಳಿದ್ದೀರಿ. ನಾನು ಕೇಳಿಸಿಕೊಂಡಿದ್ದರಲ್ಲಿ ಎರಡು ಬಗೆ. ‘ಬಂದರು, ಬರೆದುಕೊಂಡರು, ಹೋದರು’ ಅನ್ನುವವರು ಬಹಳ ಜನ. ಪರೀಕ್ಷೆಗೆ ಕೂರಿಸಿದ ಹಾಗೆ ಆಯಿತು ಅನ್ನುತ್ತಾರೆ. ಮನೆ ಸಣ್ಣದು, ಬಟ್ಟೆ ಹರಡಿದೆ, ಪಾತ್ರೆ ತೊಳೆದಿಲ್ಲ, ಇವರು ಏನೆಂದುಕೊಂಡರೋ ಅನ್ನುವ ಸಂಕೋಚ. ಮರಾಠಿ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯದು. ಹಾಗಾಗಿ ಕೇಳಿದ್ದಕ್ಕೆಲ್ಲ ‘ಹೋ, ಹೋ’ ಅಂತ ತಲೆಯಾಡಿಸಿ ಕಳಿಸಿಬಿಡುತ್ತಾರೆ. ಗಂಡಂದಿರ ದೂರೇ ಬೇರೆ: ನಾನು ಅಲ್ಲೇ ನಿಂತಿದ್ದೆ, ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಇನ್ನೊಂದು ಬಗೆಯವರು ವರ್ಷಗಳಾದರೂ ಆ ಸಿಸ್ಟರ್ ಹೆಸರು ಮರೆತಿರುವುದಿಲ್ಲ. ಇವರಲ್ಲಿ ನಾನು ಗಮನಿಸಿದ್ದು ಏನೆಂದರೆ, ಒಬ್ಬರೂ ತೂಕದ ಮಾತು ಮೊದಲು ಎತ್ತುವುದಿಲ್ಲ. ‘ನನ್ನ ಪಕ್ಕ ಕೂತರು’, ‘ನಿನ್ನ ಊಟ ಆಯ್ತಾ ಅಂದರು’, ‘ಮುಂದಿನ ಸಲವೂ ಅವರೇ ಬಂದರು’, ಇವೇ ಅವರಿಗೆ ನೆನಪಿರುವುದು. ನಿಮ್ಮ ಪಕ್ಕದ ಮನೆಯವರಿಗೆ ಆದದ್ದೂ ಸಣ್ಣ ಮಾತಲ್ಲ. ಕಾಮಾಲೆಯ ಹಳದಿ ಮುಖದಿಂದ ಶುರುವಾಗಿ ಕೆಳಗೆ ಇಳಿಯುತ್ತದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಅದು ತಿಳಿಯುವುದೇ ಇಲ್ಲ. ಅನುಭವ ಇರುವ ಸಿಸ್ಟರ್ ಮಗುವನ್ನು ಕಿಟಕಿ ಹತ್ತಿರ ತಂದು, ಬೆರಳಿಂದ ಚರ್ಮ ಮೆಲ್ಲಗೆ ಒತ್ತಿ ಬಿಟ್ಟು ನೋಡುತ್ತಾರೆ. ಅಂಗೈ, ಅಂಗಾಲಿಗೂ ಹಳದಿ ಬಂದಿದ್ದರೆ ಬೆಳಗಿನ ಬಿಸಿಲಿಗೆ ಹಿಡಿಯುತ್ತಾ ಕೂರುವಂತಿಲ್ಲ. ತಕ್ಷಣ ಆಸ್ಪತ್ರೆ. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೂ ಅಷ್ಟೇ.

ಉಸಿರು ಎಣಿಸುವುದನ್ನೂ ನೀವೇ ಕಲಿತುಕೊಳ್ಳಿ, ಯಜಮಾನರಿಗೂ ಕಲಿಸಿ. ಆಶಾ ಚೀಲದಲ್ಲಿ ಒಂದು ಡಿಜಿಟಲ್ ವಾಚ್ ಇರುವುದೇ ಇದಕ್ಕೆ. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಹೊಟ್ಟೆ ಮೇಲಿನ ಬಟ್ಟೆ ಸರಿಸಿ. ಹೊಟ್ಟೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ. ಎಳೆ ಮಗುವಿನ ಉಸಿರು ಒಂದೇ ಸಮ ಇರುವುದಿಲ್ಲ, ಒಮ್ಮೆ ಓಡುತ್ತದೆ, ಒಮ್ಮೆ ನಿಂತ ಹಾಗೆ ಆಗುತ್ತದೆ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೂ ಅಷ್ಟೇ ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಆಸ್ಪತ್ರೆಗೆ ಹೊರಡಿ. ಜ್ವರ, ಮೈ ತಣ್ಣಗಾಗುವುದು, ಫಿಟ್ಸ್, ಹೊಕ್ಕಳ ಸುತ್ತ ಕೆಂಪು ಅಥವಾ ಕೀವು, ಹಾಲು ಬಿಟ್ಟುಬಿಡುವುದು, ಇವಕ್ಕೂ ಮನೆಮದ್ದು ಬೇಡ. 108ಕ್ಕೆ ಫೋನ್ ಮಾಡಿ. ನಿಮಗೆ ಹತ್ತಿರದಲ್ಲೇ ಪಿಂಪ್ರಿಯ ವೈ.ಸಿ.ಎಂ. ಆಸ್ಪತ್ರೆ ಇದೆ, ಪಾಲಿಕೆಯದು. ಹೆರಿಗೆ ಎಲ್ಲೇ ಆಗಿರಲಿ, ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ನೋಡಬೇಕು ಅನ್ನುವ ಯೋಜನೆ ಇದೆ. ಪ್ರೈವೇಟ್ ಬಿಲ್ಲಿಗೆ ಹೆದರಿ ಮನೆಯಲ್ಲಿ ಕಾಯುವವರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅತ್ತೆಯವರ ಸಿಟ್ಟಿನ ವಿಷಯ. ಅವರನ್ನು ತಪ್ಪು ಅನ್ನಬೇಡಿ. ಬಾಣಂತಿ ಕೋಣೆಗೆ ಹೊರಗಿನವರು ಬರಬಾರದು ಅನ್ನುವ ಪದ್ಧತಿಯಲ್ಲಿ ನಂಜು ತಗಲದಿರಲಿ ಅನ್ನುವ ಕಾಳಜಿ ಇದೆ. ಬಂದವರು ಕೈ ತೊಳೆಯಲಿ ಅಂತ ಅವರೇ ನೀರು, ಸೋಪು ಮುಂದಿಡಲಿ. ಸಿಸ್ಟರ್‌ಗೂ ಅದು ಸರಿಯಾದ ಪಾಠ. ಎಷ್ಟೋ ಮನೆಗಳಲ್ಲಿ ಹೊರಗಿಂದ ಬಂದ ನರ್ಸು ಮೊದಲ ಮಾತಿಗೇ ‘ಇದು ಮಾಡಬೇಡಿ, ಅದು ಹಾಕಬೇಡಿ’ ಅನ್ನುತ್ತಾಳೆ. ಅಲ್ಲಿಗೆ ಅಜ್ಜಿಯ ಮುಖ ಗಂಟಾಗುತ್ತದೆ. ಅಜ್ಜಿ ಒಲ್ಲೆ ಅಂದ ಮನೆಯಲ್ಲಿ ಸಿಸ್ಟರ್ ಹೇಳಿದ್ದು ಒಂದೂ ನಡೆಯುವುದಿಲ್ಲ, ಇದು ನಾನು ಕಂಡ ಸತ್ಯ.

ನಮ್ಮ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದ್ದೇ ಜಾಸ್ತಿ. ಅಂಟಿನುಂಡಿ ತಿನ್ನಿ. ಬೆಳ್ಳುಳ್ಳಿ, ಅಜವಾನ, ಸಬ್ಬಸಿಗೆ ಪಲ್ಲೆ, ಜೋಳದ ರೊಟ್ಟಿ, ತುಪ್ಪ, ಎಲ್ಲ ಸರಿ. ಮಗುವಿಗೆ ಹಗುರ ಕೈಯಲ್ಲಿ ಎಣ್ಣೆ ತಿಕ್ಕುವುದೂ ಒಳ್ಳೆಯದೇ. ಬಾಣಂತಿಗೆ ನೀರು ಕಡಿಮೆ ಕೊಡುವುದು ಮಾತ್ರ ಬೇಡ. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ, ಕೇಳಿದಷ್ಟು ಕುಡಿಯಲಿ. ಮಗುವಿನ ಬಾಯಿಗೆ ಜೇನುತುಪ್ಪ, ಗುಟ್ಟಿ, ಬಜೆ, ಸಕ್ಕರೆ ನೀರು ಯಾವುದೂ ಹೋಗಬಾರದು. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬೇಡಿ, ಅದರಿಂದ ಎಳೆ ಮಗುವಿಗೆ ನರಗಳನ್ನೇ ಸಡಿಲ ಮಾಡುವ ವಿಷಬಾಧೆ ಆಗಬಹುದು. ಕಣ್ಣಿಗೆ ಕಾಡಿಗೆ ಬೇಡ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿಬೊಟ್ಟು ಬೇಕೇ ಬೇಕು ಅಂದರೆ ಅಂಗಾಲಿಗೆ ಇಡಿ. ಕಿವಿ ಮೂಗಿಗೆ ಎಣ್ಣೆ ಬಿಡಬೇಡಿ. ಇನ್ನು ಸಾಮ್ರಾಣಿ ಹೊಗೆ. ಊರಿನ ತೊಲೆಯ ಮನೆಯಲ್ಲಿ ಹೊಗೆ ಮೇಲೆ ಹೋಗುತ್ತಿತ್ತು. ಕಾಳೇವಾಡಿಯ ಒಂದು ಕೋಣೆ, ಒಂದು ಕಿಟಕಿಯ ಮನೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಮಗುವಿನ ಎದೆಯೊಳಗೇ ಹೋಗುತ್ತದೆ. ಅತ್ತೆಯವರಿಗೆ ಹೀಗೆ ಹೇಳಿ ನೋಡಿ, ಅವರಿಗೂ ಅರ್ಥ ಆಗುತ್ತದೆ. ನೀವೇ ಹೇಳಲು ಆಗದಿದ್ದರೆ ಸಿಸ್ಟರ್ ಬಾಯಿಂದ ಹೇಳಿಸಿ. ಅತ್ತೆಯವರು ಮಾಡುತ್ತಿರುವ ಒಂದು ಒಳ್ಳೆಯ ಕೆಲಸವನ್ನು ಮೊದಲು ಹೊಗಳಿ ಆಮೇಲೆ ಇದನ್ನು ಹೇಳಿ ಅಂತ ಸಿಸ್ಟರ್‌ಗೆ ಮುಂಚೆಯೇ ತಿಳಿಸಿ. ಇದರಲ್ಲಿ ಕಪಟ ಏನಿಲ್ಲ. ಅವರು ಊರು ಬಿಟ್ಟು ಬಂದು ನಿಮಗಾಗಿ ನಿದ್ದೆಗೆಡುತ್ತಿದ್ದಾರೆ, ಹೊಗಳಿಕೆ ಅವರ ಪಾಲಿನದೇ.

ಗರ್ಭನಿರೋಧಕದ ಪ್ರಶ್ನೆ ಕೇಳಬೇಕಾದ್ದೇ. ಎದೆಹಾಲು ಕೊಡುವಾಗ ಮುಟ್ಟು ಬರದಿದ್ದರೂ ಗರ್ಭ ನಿಲ್ಲುವುದುಂಟು. ಆದರೆ ಅತ್ತೆಯವರ ಎದುರು ಕೇಳಿದ್ದು ಸಿಸ್ಟರ್ ತಪ್ಪು. ಇಂಥದ್ದನ್ನು ತಾಯಿಯೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಮುಂದಿನ ಸಲ ನೇರವಾಗಿ ‘ಸಿಸ್ಟರ್, ಇದು ಒಳಗೆ ಮಾತಾಡೋಣ’ ಅನ್ನಿ. ಮನೆಯಲ್ಲಿ ಇನ್ನೊಂದು ಕೋಣೆ ಇಲ್ಲ ಅಂದರೆ, ಅವರು ಹೊರಡುವಾಗ ಮೆಟ್ಟಿಲವರೆಗೆ ಬಿಡಲು ಹೋಗಿ. ಮಹಡಿ ಮೆಟ್ಟಿಲ ಮೇಲೆ ತಾಯಂದಿರು ನನ್ನ ಹತ್ತಿರ ಹೇಳಿಕೊಂಡಷ್ಟು ವಿಷಯ ಯಾವ ಕ್ಲಿನಿಕ್ಕಿನಲ್ಲೂ ಹೇಳಿಕೊಂಡಿಲ್ಲ. ಭಾಷೆ ತೊಡಕಾದರೆ, ಕನ್ನಡ ಬಲ್ಲ ಆಶಾ ಯಾರಾದರೂ ಇದ್ದಾರಾ ಅಂತ ಕೇಳಿ. ಇಲ್ಲದಿದ್ದರೆ ಕನ್ನಡ, ಮರಾಠಿ ಎರಡೂ ಬಲ್ಲ, ನಿಮಗೆ ನಂಬಿಕೆ ಇರುವ ಹೆಂಗಸನ್ನು ಕರೆದು ಕೂರಿಸಿಕೊಳ್ಳಿ. ಮಕ್ಕಳ ಕೈಲಿ ಅನುವಾದ ಮಾಡಿಸಬೇಡಿ.

ತಂಗಿ, ನಿಮ್ಮ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಮಗುವಿನ ತೂಕ ಇದೆ, ಅತ್ತೆಯ ಸಿಟ್ಟು ಇದೆ, ಯಜಮಾನರ ಶಿಫ್ಟ್ ಇದೆ. ನೀವು ಹೇಗಿದ್ದೀರಿ? ಈ ಪ್ರಶ್ನೆ ಸಿಸ್ಟರ್ ಕೂಡ ಕೇಳಲಿಲ್ಲ ಅಂತ ಕಾಣುತ್ತದೆ. ನನಗೆ ಈ ಭೇಟಿಗಳ ಬಗ್ಗೆ ಇರುವ ದೊಡ್ಡ ಸಂಕಟವೇ ಅದು. ಚೀಲದಲ್ಲಿ ಮಗುವಿಗೆ ತಕ್ಕಡಿ ಇದೆ, ಥರ್ಮಾಮೀಟರ್ ಇದೆ. ತಾಯಿಯ ಮನಸ್ಸಿಗೆ ಏನೂ ಇಲ್ಲ. ಅದಕ್ಕೆ ಸಿಸ್ಟರ್ ಕೂತು ಮಾತಾಡಬೇಕು, ಅಷ್ಟೇ. ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದಲ್ಲಿ ತಾನೇ ಹೋಗುತ್ತದೆ. ಅದು ಹೋಗದೆ ಉಳಿದರೆ, ಏನೂ ಬೇಡ ಅನಿಸಿದರೆ, ಮಗುವಿನ ಮೇಲೂ ಮನಸ್ಸು ಇಲ್ಲದಿದ್ದರೆ, ಅದಕ್ಕೆ ಚಿಕಿತ್ಸೆ ಇದೆ.

ಚಿಂಚವಡದಲ್ಲಿ ಒಂದು ಮನೆಗೆ ಹೋಗುತ್ತಿದ್ದೆ, ಕಲಬುರಗಿ ಕಡೆಯ ಹುಡುಗಿ. ಯಾವಾಗ ಕೇಳಿದರೂ ‘ಆರಾಮ ಅದೀನ್ರಿ’ ಅನ್ನುತ್ತಿದ್ದಳು. ಮಗು ಚೆನ್ನಾಗಿತ್ತು, ತೂಕ ಏರುತ್ತಿತ್ತು, ಮನೆ ಚೊಕ್ಕಟ. ಒಂದು ದಿನ ಪ್ರಶ್ನೆ ಬದಲಾಯಿಸಿ, ‘ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತಾ?’ ಅಂದೆ. ಅವಳು ತೊಟ್ಟಿಲ ಹಗ್ಗ ಜಗ್ಗುವುದನ್ನು ನಿಲ್ಲಿಸಿದಳು. ‘ಕೂಸು ಮಲಗಿದ್ರೂ ನಾ ಎದ್ದೇ ಇರ್ತೀನ್ರಿ. ಉಸಿರು ಆಡ್ತದೋ ಇಲ್ಲೋ ಅಂತ ಮೂಗಿನ ಮುಂದ ಕೈ ಹಿಡ್ಕೊಂಡು ಕೂಡ್ತೀನಿ’ ಅಂದಳು. ಗಂಡನಿಗೂ ಹೇಳಿರಲಿಲ್ಲ. ಅವತ್ತೇ ಗಂಡನನ್ನು ಕೂರಿಸಿ ಮಾತಾಡಿದೆವು, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು, ಕೆಲವು ತಿಂಗಳಲ್ಲಿ ಸುಧಾರಿಸಿದಳು. ಹಾಲು ಬಿಡಿಸಬೇಕಾಗಲಿಲ್ಲ. ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ.

ನಿಮಗೂ ಹಾಗೇನಾದರೂ ಅನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ್ದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ, ಅಥವಾ ಇಲ್ಲದ್ದು ಕಂಡಂತೆ, ಕೇಳಿದಂತೆ ಆದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಊರಲ್ಲಿ ಇದನ್ನೇ ಬಾಣಂತಿ ಸನ್ನಿ ಅಂತ ಮಂತ್ರ ಹಾಕಿಸಲು ಹೋಗುತ್ತಾರೆ, ಸಮಯ ಕಳೆಯುತ್ತದೆ.

ಮೈಯ ವಿಷಯವೂ ಇದೆ. ಕೆಂಪು ಹೋಗುವುದು ಕಡಿಮೆಯಾಗುವ ಬದಲು ಜಾಸ್ತಿ ಆದರೆ, ಕೆಟ್ಟ ವಾಸನೆ ಬಂದರೆ, ಜ್ವರ ಬಂದರೆ, ಒಂದೇ ಕಾಲು ಊದಿ ನೋವಾದರೆ ಕೂಡಲೇ ತೋರಿಸಿ. ತಲೆ ಸಿಡಿದು ಕಣ್ಣು ಮಂಜಾದರೂ ಅಷ್ಟೇ. ಹೆರಿಗೆ ಆದ ಆರು ವಾರದವರೆಗೂ ಬಿ.ಪಿ. ಏರಿ ಫಿಟ್ಸ್ ಬರುವ ಅಪಾಯ ಇರುತ್ತದೆ. ಸಿಸ್ಟರ್ ಬಂದಾಗ ‘ನನ್ನ ಬಿ.ಪಿ. ನೋಡಿ’ ಅಂತ ಬಾಯಿಬಿಟ್ಟು ಕೇಳಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ತೆಗೆದುಕೊಳ್ಳಬೇಕು, ಅವು ಅವರ ಹತ್ತಿರ ಉಚಿತವಾಗಿ ಸಿಗುತ್ತವೆ.

ಇದನ್ನು ಓದುವ ಕಟ್ಟಡ ಕೆಲಸದ ಕುಟುಂಬಗಳಿಗೂ ಒಂದು ಮಾತು ಹೇಳಬೇಕು. ವಾಕಡ, ಹಿಂಜವಡಿ ಸೈಟುಗಳಲ್ಲಿ ನಮ್ಮ ಕಡೆಯವರು ಬಹಳ ಜನ. ಸೈಟ್ ಮುಗಿದರೆ ಶೆಡ್ ಬದಲು. ಆಶಾ ರಿಜಿಸ್ಟರ್‌ನಲ್ಲಿ ಇದ್ದ ಮಗು ಮುಂದಿನ ಭೇಟಿಗೆ ಅಲ್ಲಿ ಇರುವುದೇ ಇಲ್ಲ. ತಾಯಿ ಕಾರ್ಡನ್ನು ಬಟ್ಟೆ ಗಂಟಿನಲ್ಲಿ ಅಲ್ಲ, ಆಧಾರ್ ಜೊತೆಗೆ ಇಡಿ. ಕರ್ನಾಟಕದ ಕಾರ್ಡ್ ಇದ್ದರೂ ಇಲ್ಲಿ ಲಸಿಕೆ ಹಾಕುತ್ತಾರೆ. ಹೊಸ ಜಾಗಕ್ಕೆ ಹೋದ ವಾರವೇ ಅಲ್ಲಿನ ಅಂಗನವಾಡಿಗೆ ಹೋಗಿ ಹೆಸರು ಬರೆಸಿ. ಯಾರೂ ಹುಡುಕಿಕೊಂಡು ಬರಲಿಲ್ಲ ಅಂತ ಕಾಯಬೇಡಿ, ನೀವು ಬಂದದ್ದು ಅವರಿಗೆ ಗೊತ್ತೇ ಇರುವುದಿಲ್ಲ.

ನಿಮಗೆ ಇನ್ನು ಮೂರು ದಿನಕ್ಕೆ 21ನೇ ದಿನದ ಭೇಟಿ. ಆಶಾ ಅವರ ನಂಬರ್ ತೆಗೆದುಕೊಂಡು, ಬರುವ ಮುಂಚೆ ಒಂದು ಫೋನ್ ಮಾಡಿ ಅನ್ನಿ. ಅತ್ತೆಯವರಿಗೂ ಮೊದಲೇ ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. ಯಜಮಾನರಿಗೆ ರಾತ್ರಿ ಶಿಫ್ಟ್ ಇದ್ದ ದಿನವೇ ಬರಲು ಹೇಳಿ, ಹಗಲು ಅವರೂ ಮನೆಯಲ್ಲಿರಲಿ. ಮಗುವಿನ ಹಾಲಿನ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು, ಕೂತು ನೋಡಲಿ. ತೂಗಿದ ಮೇಲೆ ‘ವಜನ ಕಿತಿ ಝಾಲಂ? ಮಾಗಚ್ಯಾ ವೇಳೆಸ ಕಿತಿ ಹೋತಂ?’ ಅಂತ ಕೇಳಿ. ಈಗ ಎಷ್ಟು, ಹೋದ ಸಲ ಎಷ್ಟು, ಎರಡನ್ನೂ ನಿಮ್ಮ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮೊದಲ ಮಗು ಆದ್ದರಿಂದ ಮಾತೃವಂದನಾ ಯೋಜನೆಯ 5,000 ರೂಪಾಯಿಗೆ ನೀವು ಅರ್ಹರಾ ಅಂತಲೂ ಅವರನ್ನೇ ಕೇಳಿ. ಆರು ವಾರಕ್ಕೆ ಪೆಂಟಾ, ಪೋಲಿಯೊ, ರೋಟಾ, ನ್ಯುಮೋನಿಯಾ ಲಸಿಕೆಗಳಿವೆ, ತಾರೀಕು ಬರೆಸಿ. 21ನೇ ದಿನ ಅದೇ ತಕ್ಕಡಿಯಲ್ಲಿ 2.8 ದಾಟಿದ್ದರೆ ಮಗು ಸರಿದಾರಿಗೆ ಬಂದಿದೆ. ದಾಟದಿದ್ದರೆ ಅಂದೇ ಸಂಜೆ, ಆ ಕಾರ್ಡ್ ಹಿಡಿದುಕೊಂಡು ಮತ್ತೆ ನಿಮ್ಮ ಡಾಕ್ಟರ ಹತ್ತಿರ ಹೋಗಿ.